ಲಿಸ್ಬನ್ ನಗರದ ಸುತ್ತ ಹತ್ತು ದಿವಸ

ನಮ್ಮಲ್ಲಿ ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನಬಾರದು. ‘ಹೋಗಿ ಬರುತ್ತೇನೆ’ ಎನ್ನಬೇಕು. ಚಿಕ್ಕಂದಿನಲ್ಲಿ ನಾನು ಮರೆತು ‘ಹೋಗುತ್ತೇನೆ’ ಎಂದುಬಿಟ್ಟರೆ ನಮ್ಮ ತಾಯಿಯವರು ಬಾಗಿಲಿನಿಂದ ಹಿಂದಕ್ಕೆ ಕರೆದು, ಸರಿಯಾದ ಮಾತನ್ನು ಆಡಿಸಿ, ಆಮೇಲೆ ಕಳುಹಿಸುತ್ತಿದ್ದರು. ಇದೊಂದು ಹಳೆಯ ಕಾಲದ ಶಂಕೆಯೆಂದು ನಾನು ಬಹು ದಿವಸ ಭಾವಿಸಿದ್ದೆನು. ಆ ಮಾತಿಗೆ ಎಷ್ಟು ತೂಕವುಂಟೆಂಬುದು ನನಗೆ ತಿಳಿದುದು ಯೂರೋಪಿನ ಪಶ್ಚಿಮದ ಅಂಚಿನಲ್ಲಿರುವ ಲಿಸ್ಬನ್ ನಗರದಲ್ಲಿ. ಅಲ್ಲಿ ಕಳೆದ ಹತ್ತು ದಿವಸಗಳ ಸಂಗತಿಯನ್ನು ಈ ಸಂಜೆ ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಉತ್ತರದ ಒಂದು ಚಳಿಯ ದೇಶದಲ್ಲಿ ನನ್ನ ವ್ಯಾಸಂಗ ಆಗತಾನೆ ಮುಗಿದಿದ್ದಿತು. ಅಲ್ಲಿಯೇ ಒಂದು ಕೆಲಸ ದೊರೆಯುವ ಹಾಗಿದ್ದಿತು. ಒಪ್ಪಿಗೆಯನ್ನು ಎರಡು ವಾರದೊಳಗೆ ತಿಳಿಸಬೇಕು. ಊರಿನಲ್ಲಿ ತಾಯಿಯೊಬ್ಬರೇ. ವ್ಯಾಸಂಗ ಮುಗಿದೊಡನೆ ಮಗ ಬರುತ್ತಾನೆಂದು ಅವರು ದಿನ ಎಣಿಸುತ್ತಿದ್ದರು. ಕೆಲಸದ ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ. ನಿರ್ಧಾರಮಾಡುವುದಕ್ಕೆ ಧೈರ್ಯವಿಲ್ಲದವನು ಮಾಡುವ ಕೆಲಸವನ್ನೇ ನಾನೂ ಮಾಡಿದೆನು: ಪ್ರವಾಸ ಹೊರಟೆನು. ವರ್ಷಕ್ಕೆ ಸುಮಾರು 2800 ಗಂಟೆಗಳ ಬಿಸಿಲು ಕಾಣುವ ನಗರವೊಂದು ವಿಮಾನಕ್ಕೆ ಮೂರು ನಾಲ್ಕು ಗಂಟೆಯ ದೂರದಲ್ಲಿದೆಯೆಂದರೆ, ಚಳಿಯಲ್ಲಿ ನೆನೆದ ದಕ್ಷಿಣದೇಶದವನಿಗೆ ಬೇರೆ ಆಮಂತ್ರಣ ಬೇಕೆ?

ಲಿಸ್ಬನ್ನಿನ ಹಳೆಯ ಕೇರಿಯಾದ ಅಲ್ಫಾಮದಲ್ಲಿ, ಮೆಟ್ಟಿಲುಗಳೇ ಬೀದಿಯಾಗಿರುವ ಒಂದು ಕಡೆ, ವೃದ್ಧೆಯೊಬ್ಬಳ ಮನೆಯಲ್ಲಿ ಸಣ್ಣ ಕೊಠಡಿ ಹಿಡಿದೆನು. ಕೈಯಲ್ಲಿ ಹಣ ಕಡಿಮೆ. ಊರಿಂದೂರಿಗೆ ತಂಗುತ್ತ ಹೋಗುವ ಶಕ್ತಿಯಿರಲಿಲ್ಲ. ಬೆಳಗ್ಗೆ ಹೊರಟು, ಸುತ್ತಮುತ್ತಲ ಸ್ಥಳಗಳನ್ನು ನೋಡಿ, ರಾತ್ರಿ ಅದೇ ಹಾಸಿಗೆಗೆ ಹಿಂದಿರುಗುವುದೆಂದು ಏರ್ಪಾಡು. ಮನೆಯಾಕೆ ಬೀಗದ ಕೈಯನ್ನು ನನ್ನ ಕೈಗಿಟ್ಟು ಅದರ ಹೆಸರನ್ನು ತನ್ನ ಭಾಷೆಯಲ್ಲಿ ಹೇಳಿದಳು. ಕೇಳಿ ಆಶ್ಚರ್ಯವಾಯಿತು. ಅದು ನಮ್ಮ ‘ಚಾವಿ’ಯೇ! ಪಾದ್ರಿ, ಪಗಾರ, ಬಟಾಟೆ, ಅನಾನಸು ಮೊದಲಾದ ಮಾತುಗಳೂ ಪೋರ್ಚುಗೀಸರ ಹಡಗುಗಳಲ್ಲಿಯೇ ನಮ್ಮ ಕಡೆಗೆ ಬಂದವು. ಆಕೆಗೆ ಇಂಗ್ಲಿಷು ಬಾರದು, ಮೊಮ್ಮಗಳು ದುಭಾಷಿ. ಪ್ರತಿ ದಿನ ಬೆಳಗ್ಗೆ ನಾನು ಮೆಟ್ಟಿಲಿಳಿಯುವಾಗ ಆಕೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಗಂಟೆಗೆ ಬರುತ್ತೀಯೆ? ಬಾಡಿಗೆಯ ಕೊಠಡಿಯಲ್ಲಿರುವವನಿಗೆ ಇದೇನು ಕಾವಲು ಎಂದು ನನಗೆ ಮೊದಮೊದಲು ಸ್ವಲ್ಪ ಬೇಸರವೇ ಆಯಿತು.

ಟೇಗಸ್ ನದಿ ಅಟ್ಲಾಂಟಿಕ್ ಸಮುದ್ರವನ್ನು ಸೇರುವುದಕ್ಕೆ ಮುಂಚೆ, ನಗರದ ಎದುರಿಗೆ, ಒಂದು ದೊಡ್ಡ ಕೆರೆಯ ಹಾಗೆ ಹರಡಿಕೊಳ್ಳುತ್ತದೆ. ಬಿಸಿಲಿನಲ್ಲಿ ಆ ನೀರು ಹೊಂಬಣ್ಣವಾಗಿ ತೋರುವುದು. ಅಲ್ಲಿಯವರು ಅದಕ್ಕೆ ‘ಒಣಹುಲ್ಲಿನ ಕಡಲು’ ಎಂದು ಹೆಸರಿಟ್ಟಿದ್ದಾರೆ. ಊರು ಗುಡ್ಡಗಳ ಮೇಲಿದೆ. ಕಾಲುದಾರಿಗಳಿಗೆ ಬಿಳಿಯ ಸುಣ್ಣಕಲ್ಲು, ಕರಿಯ ಕಲ್ಲುಗಳ ಸಣ್ಣ ತುಂಡುಗಳನ್ನು ರಂಗವಲ್ಲಿಯಂತೆ ಹಾಸಿದ್ದಾರೆ. ನೋಡುವುದಕ್ಕೆ ಬಹಳ ಸೊಗಸು. ಆದರೆ ಶತಮಾನದ ಪಾದಗಳು ಅವನ್ನು ಕನ್ನಡಿಯ ಹಾಗೆ ನುಣುಪು ಮಾಡಿವೆಯೆಂಬುದನ್ನು ನಾನು ಮೊದಲನೆಯ ದಿನವೇ ಬಿದ್ದು ಕಲಿತೆನು.

ಆ ದಿನ ನೋಡಿದುದು ಕಾರ್ಮು ಎಂಬ ಮಠದ ದೇವಾಲಯ. 1755ನೆಯ ಇಸವಿ ನವೆಂಬರ್ 1ನೆಯ ತಾರೀಖು, ಸಕಲ ಸಂತರ ಹಬ್ಬ. ಬೆಳಗ್ಗೆ ಜನರೆಲ್ಲ ಪ್ರಾರ್ಥನೆಗೆ ಸೇರಿದ್ದಾಗ ಭೂಮಿ ನಡುಗಿತು. ಬಯಲಿಗೆಂದು ನದಿಯ ದಡಕ್ಕೆ ಓಡಿದವರ ಮೇಲೆ ಸಮುದ್ರ ಏರಿ ಬಂದಿತು. ಉಳಿದುದನ್ನು ಬೆಂಕಿ ಹಲವು ದಿನ ಸುಟ್ಟಿತು. ಕಾರ್ಮು ದೇವಾಲಯದ ಚಾವಣಿ ಅಂದು ಕುಸಿದುದು, ಮತ್ತೆ ಮುಚ್ಚಲಿಲ್ಲ. ಕಮಾನುಗಳು ಎಲುಬಿನಂತೆ ನಿಂತಿವೆ. ಅವುಗಳ ನಡುವೆ ನೀಲಿಯ ಆಕಾಶ. ಕೆಳಗಿನ ಪೇಟೆಯನ್ನಾದರೋ ಮಂತ್ರಿ ಪೊಂಬಾಲನ ಆಜ್ಞೆಯಂತೆ ನೂಲು ಹಿಡಿದ ಹಾಗೆ ನೇರವಾದ ಬೀದಿಗಳಲ್ಲಿ ಹೊಸದಾಗಿ ಕಟ್ಟಿದರು. ಗೋಡೆಗಳೊಳಗೆ ಮರದ ಪಂಜರವನ್ನಿಟ್ಟು, ಮಾದರಿಯ ಸುತ್ತ ಸಿಪಾಯಿಗಳಿಂದ ಹೆಜ್ಜೆ ಹಾಕಿಸಿ ನೆಲ ಅದುರಿಸಿ ಪರೀಕ್ಷಿಸಿದರಂತೆ.

ಆ ಕಮಾನುಗಳ ಕೆಳಗೆ ನಿಂತಾಗ ನನಗೆ ಹಂಪೆಯ ನೆನಪಾಯಿತು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಪೋರ್ಚುಗೀಸನಾದ ದೊಮಿಂಗು ಪಾಯಿಶ್ ಎಂಬುವನು ವಿಜಯನಗರದ ಬೀದಿಗಳನ್ನು ಸುತ್ತಿ, ಕಂಡುದನ್ನು ಬರೆದಿಟ್ಟನು. ಆ ಬರಹವನ್ನು ಇದೇ ಲಿಸ್ಬನ್ನಿನಲ್ಲಿ 1897ರಲ್ಲಿ ಅಚ್ಚು ಹಾಕಿಸಿದರು. ಅವನು ಕಂಡ ಊರು 1565ರ ಯುದ್ಧದಲ್ಲಿ ಹಾಳಾಯಿತು. ಎರಡು ಊರುಗಳೂ ಬಿದ್ದವು. ಲಿಸ್ಬನ್ನಿನ ಜನ ತಮ್ಮ ಬೂದಿಗೆ ಹಿಂದಿರುಗಿ ಬಂದರು, ನಮ್ಮವರು ಹಿಂದಿರುಗಲಿಲ್ಲ. ಕಲ್ಲು ಉಳಿದರೆ ಊರು ಉಳಿದಂತಲ್ಲ, ಜನ ಮರಳಿದರೆ ಮಾತ್ರ ಊರು ಎಂದು ಆಗ ತೋರಿತು.

ಎರಡನೆಯ ದಿನ ಟ್ರ್ಯಾಮಿನಲ್ಲಿ ಬೆಲೆಂ ಎಂಬಲ್ಲಿಗೆ ಹೋದೆನು. 1497ರ ಜುಲೈ 8ರಂದು ವಾಸ್ಕೋ ಡ ಗಾಮನು ನಾಲ್ಕು ಹಡಗುಗಳೊಡನೆ ಹೊರಟುದು ಅಲ್ಲಿಂದ. ಹೋದವರು ಸುಮಾರು 170 ಮಂದಿ. ಹಿಂದಿರುಗಿದವರು ಮೂರರಲ್ಲಿ ಒಂದು ಪಾಲು. ಅವನ ಅಣ್ಣ ಪಾವುಲುವೂ ಮನೆ ಸೇರಲಿಲ್ಲ. ದಾರಿಯ ದ್ವೀಪವೊಂದರಲ್ಲಿ ತೀರಿಕೊಂಡನು. ಬರುವಾಗ ಹಡಗುಗಳ ದುರಸ್ತಿಗಾಗಿ ನಮ್ಮ ಕಾರವಾರದ ಬಳಿಯ ಅಂಜುದೀವದಲ್ಲಿ ನಿಂತಿದ್ದರು. ಜೆರೋನಿಮುಶ್ ಎಂಬ ಮಹಾಮಠದಲ್ಲಿ ಗಾಮನ ಸಮಾಧಿಯಿದೆ. ಅದೇ ದೇವಾಲಯದಲ್ಲಿ ಕಾಮೊಯಿಂಶ್ ಕವಿಯ ಸಮಾಧಿಯೂ ಇದೆ. ಹಡಗುಗಳು ಹೊರಟಾಗ ದಡದಲ್ಲಿ ನಿಂತು ಅತ್ತ ತಾಯಂದಿರನ್ನೂ ಹೆಂಡಿರನ್ನೂ ಆ ಕವಿ 1572ರಲ್ಲಿ ಅಚ್ಚಾದ ತನ್ನ ಮಹಾಕಾವ್ಯದಲ್ಲಿ ಮರೆಯಲಿಲ್ಲ.

ಆ ಮಠದ ಕಂಬಗಳಲ್ಲಿ ಹಗ್ಗ, ಗಂಟು, ಹವಳಗಳನ್ನು ಕೆತ್ತಿದ್ದಾರೆ. ಕಲ್ಲು ಇಷ್ಟು ಮೃದುವೇ ಎನ್ನಿಸುವುದು. ಕಟ್ಟಡಕ್ಕೆ ಹಣವೆಲ್ಲಿಯದೆಂದು ವಿಚಾರಿಸಿದೆನು. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ 5ರಂತೆ ಎತ್ತಿದ ಸುಂಕ. ಅಂದರೆ ಆ ಶಿಲ್ಪದಲ್ಲಿ ನಮ್ಮ ಪಡುವಣ ಕರಾವಳಿಯ ಕರಿಮೆಣಸೂ ಸೇರಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಉಳ್ಳಾಲದ ಅಬ್ಬಕ್ಕ ಅವರೊಡನೆ ಕಾದಿದಳು. ಗಾಮನ ಸಮಾಧಿಯ ಮುಂದೆ ಕೈಮುಗಿಯುವುದಕ್ಕೆ ನನ್ನಿಂದಾಗಲಿಲ್ಲ, ಸಿಟ್ಟಾಗುವುದಕ್ಕೂ ಆಗಲಿಲ್ಲ. ದಡದ ಮೇಲಿನ ಆ ಹೆಂಗಸರನ್ನು ನೆನೆದು ಸುಮ್ಮನೆ ಹೊರಗೆ ಬಂದೆನು.

ಇನ್ನೊಂದು ದಿನ ರೈಲಿನಲ್ಲಿ ಸಿಂತ್ರಾಕ್ಕೆ ಹೋದೆನು. ನಲವತ್ತು ನಿಮಿಷದ ದಾರಿಯಷ್ಟೆ. ಆದರೆ ನಗರದಲ್ಲಿ ಸುಡುವ ಬಿಸಿಲಿದ್ದರೆ ಅಲ್ಲಿ ಮಂಜು, ಹಾವಸೆ, ದಟ್ಟವಾದ ಮರಗಳು. ನಮ್ಮ ಮಡಿಕೇರಿಯ ನೆನಪಾಗದೆ ಇರದು. ಬೆಟ್ಟದ ತುದಿಯಲ್ಲಿ 19ನೆಯ ಶತಮಾನದಲ್ಲಿ ದೊರೆ ಫರ್ನಾಂದು ಕಟ್ಟಿಸಿದ ಪೇನ ಅರಮನೆ. ಕೆಂಪು ಹಳದಿ ಬಣ್ಣಗಳನ್ನು ಬಳಿದ ಅದು ಮಂಜಿನೊಳಗಿಂದ ಮಕ್ಕಳ ಆಟಿಕೆಯಂತೆ ಇಣುಕುತ್ತದೆ. ಕೆಳಗೆ ಊರಿನ ಹಳೆಯ ಅರಮನೆಯ ಅಡುಗೆಯ ಮನೆಗೆ 33 ಮೀಟರು ಎತ್ತರದ ಎರಡು ಹೊಗೆಗೂಡುಗಳು. ಇವನ್ನು ನೋಡುವುದಕ್ಕೆ ಪ್ರಪಂಚವೇ ಬರುತ್ತದೆ. ನನ್ನ ಮನಸ್ಸನ್ನು ಹಿಡಿದುದಾದರೋ ಪೇಞ ವೆರ್ದೆ ಎಂಬ ಖಾಸಗಿ ತೋಟ. ಭಾರತದಲ್ಲಿ ಪೋರ್ಚುಗೀಸರ ವೈಸರಾಯನಾಗಿದ್ದು 1548ರಲ್ಲಿ ಗೋವೆಯಲ್ಲಿ ಮಡಿದ ಜೊವಾವು ದ ಕಾಸ್ತ್ರುವಿನ ತೋಟವದು. ಸೋಮನಾಥದ ಕಡೆಯ, 1287ರ ಸಂಸ್ಕೃತ ಶಾಸನವೊಂದು ಸಮುದ್ರ ದಾಟಿ ಅಲ್ಲಿಗೆ ಸೇರಿತು. ಶಾಸನವಿದ್ವಾಂಸರು ಅದನ್ನು ‘ಸಿಂತ್ರಾ ಪ್ರಶಸ್ತಿ’ ಎನ್ನುವರು. ನಾನು ಗೋಡೆಯ ಹೊರಗೆ ನಿಂತು ಹಿಂದಿರುಗಿದೆನು. ತನ್ನ ಅಕ್ಷರವನ್ನು ಓದಬಲ್ಲವರಿಲ್ಲದ ಊರಿನಲ್ಲಿ ಕಲ್ಲೂ ಒಂಟಿಯೇ ಎನ್ನಿಸಿತು.

ಎಂಟನೆಯ ದಿನ ನಡೆದುದನ್ನು ಹೇಳಬೇಕು. ಯೂರೋಪ್ ಖಂಡದ ನೆಲ ಪಶ್ಚಿಮದಲ್ಲಿ ಕೊನೆಗಾಣುವುದು ಕಾಬು ದ ರೋಕ ಎಂಬ ಭೂಶಿರದಲ್ಲಿ. ಸುಮಾರು 140 ಮೀಟರು ಎತ್ತರದ ಬಂಡೆ, ಕೆಳಗೆ ಕಡಲು, ಅದರಾಚೆ ಅಮೆರಿಕದವರೆಗೆ ನೀರು. ಗಾಳಿಯ ರಭಸಕ್ಕೆ ನಿಲ್ಲುವುದೇ ಕಷ್ಟ. ಸೂರ್ಯ ಮುಳುಗುವುದನ್ನು ನೋಡುತ್ತ, ನನ್ನ ಉತ್ತರವನ್ನು ಮನಸ್ಸಿನಲ್ಲಿ ಬರೆಯುತ್ತ, ಅಳಿಸುತ್ತ ಕುಳಿತೆನು. ಎದ್ದು ನೋಡುವಾಗ ಕೊನೆಯ ಬಸ್ಸು ಹೋಗಿದ್ದಿತು. ತಪ್ಪು ಸಂಪೂರ್ಣವಾಗಿ ನನ್ನದೇ. ಜೇಬಿನ ಫೋನಿನಲ್ಲಿ ಜೀವವಿರಲಿಲ್ಲ. ಕತ್ತಲೆಯಲ್ಲಿ ಹತ್ತಿರದ ಹಳ್ಳಿಯವರೆಗೆ ನಡೆದೆನು. ಪುಣ್ಯಾತ್ಮನೊಬ್ಬನು ತನ್ನ ಕಾರಿನಲ್ಲಿ ಕಾಶ್ಕಾಯಿಶ್ ಪಟ್ಟಣಕ್ಕೆ ಮುಟ್ಟಿಸಿದನು. ಅಲ್ಲಿಂದ ಕಡಲ ಬದಿಯ ರೈಲು ಹಿಡಿದು, ಅಲ್ಫಾಮದ ಮೆಟ್ಟಿಲು ಹತ್ತುವಾಗ ನಡುರಾತ್ರಿ.

ಮನೆಯ ಹೊಸ್ತಿಲಿನ ಮೇಲೆ, ಶಾಲು ಹೊದೆದುಕೊಂಡು, ಮುದುಕಿ ಕುಳಿತಿದ್ದಳು. ಪಕ್ಕದಲ್ಲಿ ಮೊಮ್ಮಗಳು ತೂಕಡಿಸುತ್ತಿದ್ದಳು. ಮುದುಕಿ ನನ್ನನ್ನು ಗದರಿಸಲಿಲ್ಲ. ಒಳಗೆ ಕರೆದು ರೊಟ್ಟಿ, ಕೋಸಿನ ಸಾರು ಬಿಸಿಮಾಡಿ ಇಟ್ಟಳು. ನಾನು ಉಣ್ಣುತ್ತಿರುವಾಗ ಮೊಮ್ಮಗಳ ಬಾಯಲ್ಲಿ ಒಂದು ಕಥೆ ಹೇಳಿಸಿದಳು.

1966ರಲ್ಲಿ ಆಕೆಗೆ ಹನ್ನೆರಡು ವರ್ಷ. 1961ರಿಂದ ಪೋರ್ಚುಗಲ್ ದೇಶ ಆಫ್ರಿಕದ ತನ್ನ ವಸಾಹತುಗಳಲ್ಲಿ ಯುದ್ಧ ಹೂಡಿದ್ದಿತು. ಪ್ರಾಯದ ಹುಡುಗರನ್ನು ಸೈನ್ಯಕ್ಕೆ ಎಳೆಯುತ್ತಿದ್ದರು. ಬಡತನಕ್ಕೂ ಯುದ್ಧಕ್ಕೂ ಹೆದರಿ ಆ ಕಾಲದಲ್ಲಿ ಲಕ್ಷಾಂತರ ಜನ ಫ್ರಾನ್ಸಿಗೆ ಹೋದರು, ಬಹಳ ಮಂದಿ ಕಳ್ಳದಾರಿಯಿಂದ. ಆಕೆಯ ಅಣ್ಣನೂ ಹಾಗೆಯೇ ಹೋದನು. ಹೊರಡುವ ದಿನ ತಾಯಿಗೆ ನಿಜ ಹೇಳಲಿಲ್ಲ. ಸಿಂತ್ರಾಕ್ಕೆ ಹೋಗಿ ಊಟದ ಹೊತ್ತಿಗೆ ಬರುತ್ತೇನೆ ಎಂದನು. ತಾಯಿ ಅವನ ತಟ್ಟೆಯನ್ನಿಟ್ಟು ಕಾದಳು. ಆಮೇಲೆ ಪ್ಯಾರಿಸಿನಿಂದ ಕಾಗದಗಳು ಬಂದವು, ಹಣವೂ ಬಂದಿತು. 1974ರ ಏಪ್ರಿಲ್ 25ರ ಕ್ರಾಂತಿಯಾದ ಮೇಲೆ ಅವನು ಮನೆಗೆ ಬಂದನು. ತಾಯಿ ಅದರ ಹಿಂದಿನ ವರ್ಷ ತೀರಿಕೊಂಡಿದ್ದಳು.

‘ಅವನು ಹೋದುದಕ್ಕೆ ಅಮ್ಮ ಒಂದು ದಿನವೂ ಬಯ್ಯಲಿಲ್ಲ. ಹೇಳದೆ ಹೋದನಲ್ಲ ಎಂದು ಮಾತ್ರ ಕೊರಗಿದಳು’ ಎಂದು ಮುದುಕಿ ಮಾತು ಮುಗಿಸಿ, ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದಳು.

ನನಗೆ ನಿದ್ರೆ ಬರಲಿಲ್ಲ. ಎಂಟು ದಿವಸ ನಾನು ಹೋಗಬೇಕೆ ಇರಬೇಕೆ ಎಂದು ತೂಗುತ್ತಿದ್ದೆನು. ಅದಕ್ಕಿಂತ ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಬಿಟ್ಟಿದ್ದೆನು. ನಮ್ಮೂರಿನಲ್ಲಿ ಬೆಳಗಾಗುವುದನ್ನು ಕಾದು ತಾಯಿಯವರಿಗೆ ಫೋನು ಮಾಡಿ, ಕೆಲಸದ ವಿಷಯವನ್ನೂ, ಅದನ್ನು ಮುಚ್ಚಿಟ್ಟ ವಿಷಯವನ್ನೂ ಹೇಳಿದೆನು. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, ‘ಎಷ್ಟು ವರ್ಷ?’ ಎಂದರು. ಎರಡು ವರ್ಷವೆಂದೆನು. ‘ಆಗಲಿ, ಹೋಗಿ ಬಾ’ ಎಂದರು.

ಆ ಎರಡು ವರ್ಷವನ್ನು ಮುಗಿಸಿ ನಾನು ಬಂದಿದ್ದೇನೆ. ಈಗ ತಮ್ಮೊಡನೆ ಮಾತನಾಡುತ್ತಿರುವುದೇ ಅದಕ್ಕೆ ಸಾಕ್ಷಿ. ಲಿಸ್ಬನ್ನಿನಿಂದ ಹೊರಟ ಬೆಳಗ್ಗೆ ನಾನು ಚಾವಿಯನ್ನು ಹಿಂದಕ್ಕೆ ಕೊಟ್ಟಾಗ ಮುದುಕಿ ಅಭ್ಯಾಸದಂತೆ ಎಷ್ಟು ಗಂಟೆಗೆ ಬರುತ್ತೀಯೆಂದು ಕೇಳಿ, ಆಮೇಲೆ ನಕ್ಕುಬಿಟ್ಟಳು. ನಾನು ಕನ್ನಡದಲ್ಲಿಯೇ ‘ಹೋಗಿ ಬರುತ್ತೇನೆ’ ಎಂದೆನು. ಅದಕ್ಕೆ ಆ ದಿನ ದುಭಾಷಿ ಬೇಕಾಗಲಿಲ್ಲ.