ಟಿ-ಕೋಶದ ಒಂದು ಅಪರೂಪದ ಲ್ಯುಕೀಮಿಯಾ



ಇಂದು ನಾನು ಮಾತನಾಡಲಿರುವುದು ಟಿ-ಪ್ರೋಲಿಂಫೋಸೈಟಿಕ್ ಲ್ಯುಕೀಮಿಯಾ ಎಂಬ ರಕ್ತದ ಅರ್ಬುದವನ್ನು ಕುರಿತು. ಹೆಸರು ನಾಲಗೆಗೆ ತೊಡಕು; ಕ್ಷಮಿಸಬೇಕು. ವಯಸ್ಕರ ಪಕ್ವ ಲಿಂಫೋಸೈಟ್ ಲ್ಯುಕೀಮಿಯಾಗಳಲ್ಲಿ ಇದರ ಪಾಲು ನೂರಕ್ಕೆ ಸುಮಾರು 2. ಬಹುಮಟ್ಟಿಗೆ ಅರುವತ್ತರ ಆಸುಪಾಸಿನಲ್ಲಿ ಅಥವಾ ಅನಂತರ ಕಾಣಿಸಿಕೊಳ್ಳುತ್ತದೆ. ಗುಲ್ಮ ಊದಿಕೊಳ್ಳುತ್ತದೆ, ಬಿಳಿಯ ರಕ್ತಕಣಗಳು ಘನ ಮಿಲಿಮೀಟರಿಗೆ ಒಂದು ಲಕ್ಷವನ್ನು ಮೀರುವುದುಂಟು.

ಹಳೆಯ ಔಷಧಗಳಿಗೆ ಈ ರೋಗ ಅಷ್ಟಾಗಿ ಬಗ್ಗುತ್ತಿರಲಿಲ್ಲ. ಪರಿಸ್ಥಿತಿಯನ್ನು ಬದಲಿಸಿದುದು ಕೇಂಬ್ರಿಜ್‌ನಲ್ಲಿ ಹುಟ್ಟಿದ ಅಲೆಮ್ಟುಜುಮ್ಯಾಬ್ ಎಂಬ ಪ್ರತಿಕಾಯ. ಟಿ-ಕೋಶದ ಮೈಮೇಲಿನ ಸಿಡಿ-52 ಎಂಬ ಗುರುತನ್ನು ಹಿಡಿದು ಅದು ಕೋಶವನ್ನು ಕೊಲ್ಲುತ್ತದೆ. ವಾರಕ್ಕೆ ಮೂರು ಸಲ, ರಕ್ತನಾಳದ ಮೂಲಕವೇ ಕೊಡಬೇಕು. ಚರ್ಮದಡಿಗೆ ಚುಚ್ಚಿದರೆ ಫಲ ಕಡಮೆ. ಮೊದಲ ಚಿಕಿತ್ಸೆಯಾಗಿ ಕೊಟ್ಟಾಗ ಬಹುಪಾಲು ರೋಗಿಗಳಲ್ಲಿ ರೋಗ ಹಿಮ್ಮೆಟ್ಟುತ್ತದೆ. ಆದರೆ ಒಳ್ಳೆಯ ಟಿ-ಕೋಶಗಳೂ ಸಾಯುವುದರಿಂದ, ಮೈಯಲ್ಲಿ ಅಡಗಿದ್ದ ಸೈಟೋಮೆಗಾಲೊ ವೈರಸ್ ತಲೆಯೆತ್ತಬಹುದು. ನಮ್ಮ ದೇಶದವರಲ್ಲಿ ಅಡಗಿರುವ ಕ್ಷಯವನ್ನೂ ಮೊದಲೇ ಪರೀಕ್ಷಿಸಿಕೊಳ್ಳುವುದು ಲೇಸು. 2012ರಲ್ಲಿ ತಯಾರಕರು ಅಮೆರಿಕ, ಯೂರೋಪುಗಳಲ್ಲಿ ಲ್ಯುಕೀಮಿಯಾಕ್ಕಾಗಿ ಇದರ ಮಾರಾಟವನ್ನು ನಿಲ್ಲಿಸಿ, ವೈದ್ಯರ ಕೋರಿಕೆಯ ಮೇರೆಗೆ ಉಚಿತವಾಗಿ ಒದಗಿಸುವ ಏರ್ಪಾಡು ಮಾಡಿದರು. ಅಂಗಡಿಯಲ್ಲಿ ಸಿಗಲಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ.

ದುಃಖದ ಸಂಗತಿಯೆಂದರೆ, ಈ ಉಪಶಮನ ಬಾಳುವುದಿಲ್ಲ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ರೋಗ ಮರಳುತ್ತದೆ. ದೇಹ ತಡೆದುಕೊಳ್ಳುವಂತಿದ್ದರೆ, ರೋಗ ಅಡಗಿರುವಾಗಲೇ ದಾನಿಯ ಅಸ್ಥಿಮಜ್ಜೆಯ ಕಸಿ ಮಾಡಬೇಕು. ರಿಯಾದಿನ ಕಿಂಗ್ ಫೈಸಲ್ ಸ್ಪೆಷಲಿಸ್ಟ್ ಆಸ್ಪತ್ರೆಯಲ್ಲಿ ಇಂಥ ಕಸಿ 1984ರಷ್ಟು ಹಿಂದೆಯೇ ಆರಂಭವಾಯಿತು. ಆದರೆ ನಮ್ಮ ದಾನಿ ಇರುವುದು ರಿಯಾದಿನಲ್ಲಲ್ಲ. ಹಾಸನದಲ್ಲಿ, ಧಾರವಾಡದಲ್ಲಿ, ಪುತ್ತೂರಿನಲ್ಲಿ.

ಒಡಹುಟ್ಟಿದವರೊಬ್ಬರು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಆರು ಮಂದಿ ಇದ್ದರೆ ಒಬ್ಬರಾದರೂ ಹೊಂದುವ ಸಾಧ್ಯತೆ ನೂರಕ್ಕೆ 82; ಇಬ್ಬರೇ ಇದ್ದರೆ 44. ಸೋದರಸಂಬಂಧದಲ್ಲಿ ಮದುವೆಗಳು ನಡೆದುಬಂದ ಮನೆತನಗಳಲ್ಲಿ ಅತ್ತೆಯ, ಮಾವನ ಮಕ್ಕಳನ್ನೂ ಪರೀಕ್ಷಿಸಿ ನೋಡಬಹುದು. ಸೌದಿ ಕುಟುಂಬಗಳಿಗೂ ಈ ಮಾತು ಸಲ್ಲುತ್ತದೆ.

ಇಲ್ಲಿ ನನ್ನದೊಂದು ದೂರು ಇದೆ. “ಊರಿಗೆ ತಿಳಿಸಬೇಡಿ ಡಾಕ್ಟರೇ, ಅಮ್ಮ ತಡೆದುಕೊಳ್ಳಲಾರರು” ಎಂದು ನಮ್ಮವರು ತಿಂಗಳುಗಟ್ಟಲೆ ಕಾಯಿಲೆಯನ್ನು ಬಚ್ಚಿಡುತ್ತಾರೆ. ಅಮ್ಮನಿಗೆ ಹೇಳದಿದ್ದರೂ ತಮ್ಮನಿಗೆ ಹೇಳಬೇಕಲ್ಲವೇ? ರೋಗ ನಿಶ್ಚಯವಾದ ವಾರದಲ್ಲೇ ಹೇಳಬೇಕು. ಹೊಂದಾಣಿಕೆಯ ಪರೀಕ್ಷೆಗೆ ಅವರು ಇಲ್ಲಿಗೆ ಬರಬೇಕಾಗಿಲ್ಲ. ಬೆಂಗಳೂರಿನಲ್ಲಿ ರಕ್ತ ಕೊಟ್ಟು ವರದಿ ಕಳಿಸಿದರೆ ಸಾಕು, ವೀಸಾದ ಮಾತು ಆಮೇಲೆ. ಯಾರೂ ಹೊಂದದಿದ್ದರೆ ಅರ್ಧ ಹೊಂದುವ ಮಗನೋ ಮಗಳೋ ದಾನಿಯಾಗುವ ಮಾರ್ಗವೂ ಈಗ ಇದೆ.

ಇನ್ನು ತಮ್ಮ ಪ್ರಶ್ನೆಗಳನ್ನು ಕೇಳಬಹುದು.