ಮನಃಸಾಕ್ಷಿಗೆ ಪಾಠ ಕಲಿಸಿದ ಮನೆ
(ಸಂತ ಥಾಮಸ್ ಮೋರ್‌ರವರ ಹಬ್ಬದ ಪ್ರಬೋಧನೆ)



ಜೂನ್ 22ರಂದು ಧರ್ಮಸಭೆಯು ಇಬ್ಬರು ರಕ್ತಸಾಕ್ಷಿಗಳನ್ನು ಸ್ಮರಿಸುತ್ತದೆ. ಸಂತ ಜಾನ್ ಫಿಷರ್ ಧರ್ಮಾಧ್ಯಕ್ಷರು. ಸಂತ ಥಾಮಸ್ ಮೋರ್ ಹೆಂಡತಿ ಮಕ್ಕಳೊಡನೆ ಬಾಳಿದ ಸಂಸಾರಸ್ಥರು, ವೃತ್ತಿಯಿಂದ ವಕೀಲರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಕುಟುಂಬಗಳಿಗೂ ಕೋರ್ಟು ಕಚೇರಿ ಹೊಸದಲ್ಲ. ಜಮೀನಿನ ಹದ್ದುಬಸ್ತು, ಪಾಲುಪಾರಿಕತ್ತು, ಸಾಲದ ಪತ್ರ ಹೀಗೆ ಒಂದಲ್ಲ ಒಂದು ಕಾರಣಕ್ಕೆ ಆ ಮೆಟ್ಟಿಲು ಹತ್ತುತ್ತೇವೆ. ಆ ಮೆಟ್ಟಿಲ ಮೇಲೆಯೇ ಬದುಕಿದ ಒಬ್ಬರು ಸಂತರಾದದ್ದು ಹೇಗೆ? ಇದನ್ನು ತಿಳಿಯಲು ಇಂದು ನಾವೆಲ್ಲರೂ ಮನಸ್ಸಿನಲ್ಲಿಯೇ ಲಂಡನ್ನಿಗೆ ಹೋಗಿ, ಅವರು ಕಾನೂನು ಕಲಿತ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆಯನ್ನು ನೋಡಿಬರೋಣ.

ಕೋಟೆಯ ಏಳು ಸುತ್ತುಗಳನ್ನು ಬಲ್ಲ ನಮಗೆ ಹಳೆಯ ಹೆಬ್ಬಾಗಿಲುಗಳ ಪರಿಚಯವಿದೆ. ಚಾನ್ಸರಿ ಲೇನ್ ಎಂಬ ಬೀದಿಯಲ್ಲಿ ಲಿಂಕನ್ಸ್ ಇನ್‌ನ ಇಟ್ಟಿಗೆಯ ಹೆಬ್ಬಾಗಿಲು ನಿಂತಿದೆ. ಅದನ್ನು ಕಟ್ಟಿದ್ದು 1517ರಿಂದ 1521ರ ನಡುವೆ. ಈ ಸಂಸ್ಥೆಯ ದಾಖಲೆ ಪುಸ್ತಕಗಳು 1422ರಿಂದಲೇ ದೊರೆಯುತ್ತವೆ. ಒಳಗೆ ಹೋದರೆ ಹಳೆಯ ಸಭಾಂಗಣ, ಓಲ್ಡ್ ಹಾಲ್, ಸಿಗುತ್ತದೆ. ಇದರ ಕಟ್ಟಡ ಶುರುವಾದದ್ದು 1489ರಲ್ಲಿ. 1496ರ ಫೆಬ್ರುವರಿ 12ರಂದು ಹದಿನೆಂಟರ ಆಸುಪಾಸಿನ ಯುವಕ ಮೋರ್ ಇಲ್ಲಿಗೆ ಸೇರಿದಾಗ ಇದಿನ್ನೂ ಹೊಸ ಕಟ್ಟಡ. ಹಿರಿಯ ವಕೀಲರೂ ಕಿರಿಯ ವಿದ್ಯಾರ್ಥಿಗಳೂ ಇಲ್ಲಿ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದರು, ವಾದ ಮಾಡಿ ಕಲಿಯುತ್ತಿದ್ದರು. ಮುಂದೆ ಮೋರ್ ಇಲ್ಲಿಯೇ ಉಪನ್ಯಾಸಕರೂ ಆದರು.

ಆದರೆ ಆ ಯುವಕನ ದಿನ ಇಲ್ಲಿಗೇ ಮುಗಿಯುತ್ತಿರಲಿಲ್ಲ. ಕಾನೂನು ಕಲಿಯುತ್ತಿದ್ದ ಕಾಲದಲ್ಲಿ ಅವರು ಸುಮಾರು ನಾಲ್ಕು ವರ್ಷ ಲಂಡನ್ನಿನ ಕಾರ್ತೂಸಿಯನ್ ಸನ್ಯಾಸಿಗಳ ಮಠದ ಒಡನಾಟದಲ್ಲಿದ್ದು ಪ್ರಾರ್ಥನೆ, ಉಪವಾಸಗಳನ್ನು ರೂಢಿಸಿಕೊಂಡರು. ಒಂದು ಕಡೆ ಕಾನೂನಿನ ಪಾಠ, ಇನ್ನೊಂದು ಕಡೆ ಮೊಣಕಾಲೂರುವ ಪಾಠ. ಮನಃಸಾಕ್ಷಿ ಒಂದು ದಿನದಲ್ಲಿ ಗಟ್ಟಿಯಾಗುವುದಿಲ್ಲ, ಪ್ರಿಯರೇ. ಸಣ್ಣ ವಯಸ್ಸಿನ ಸಣ್ಣ ಅಭ್ಯಾಸಗಳಿಂದ ಅದು ಬೆಳೆಯುತ್ತದೆ.

1529ರಲ್ಲಿ ಮೋರ್ ಇಂಗ್ಲೆಂಡಿನ ಲಾರ್ಡ್ ಚಾನ್ಸೆಲರ್ ಆದರು. ಅವರ ತಂದೆಯೂ ನ್ಯಾಯಾಧೀಶರು. ಇಷ್ಟು ದೊಡ್ಡ ಪದವಿಗೇರಿದ ಮೇಲೂ ಮೋರ್ ನ್ಯಾಯಾಲಯದಲ್ಲೇ ತಂದೆಯ ಮುಂದೆ ಮೊಣಕಾಲೂರಿ ಆಶೀರ್ವಾದ ಬೇಡುತ್ತಿದ್ದರು. ಅಧಿಕಾರ ತಲೆಗೇರದಂತೆ ಕಾಯ್ದದ್ದು ಈ ವಿನಯ. ಅರಸ ಎಂಟನೇ ಹೆನ್ರಿ ಧರ್ಮಸಭೆಯನ್ನು ತನ್ನ ಕೈವಶ ಮಾಡಿಕೊಳ್ಳಲು ಹೊರಟಾಗ, 1532ರ ಮೇ 16ರಂದು ಮೋರ್ ಪದವಿ ಬಿಟ್ಟರು. ಮನೆಯವರನ್ನು ಕೂರಿಸಿಕೊಂಡು ಅವರು ಹೇಳಿದ ಮಾತನ್ನು ಅಳಿಯ ವಿಲಿಯಂ ರೋಪರ್ ಬರೆದಿಟ್ಟಿದ್ದಾರೆ. ಮೊದಲು ಲಿಂಕನ್ಸ್ ಇನ್‌ನ ಊಟದಷ್ಟಕ್ಕೆ ಇಳಿಯೋಣ. ಅದಕ್ಕೂ ಆಗದಿದ್ದರೆ ಅದಕ್ಕಿಂತ ಕಿರಿಯ ಶಾಲೆಯಲ್ಲಿ ಉಂಡಂತೆ ಉಣ್ಣೋಣ. ಆಮೇಲೆ ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಗಳ ಊಟ. ಅದೂ ಇಲ್ಲವಾದರೆ ಜೋಳಿಗೆ ಹಿಡಿದು, ಮಾತೆ ಮರಿಯಳ ಸ್ತುತಿ ಹಾಡುತ್ತಾ, ಒಟ್ಟಾಗಿ ಮನೆಮನೆಗೆ ಹೋಗೋಣ ಎಂಬುದು ಅದರ ಸಾರ. ಕಷ್ಟವನ್ನು ಹೆಂಡತಿ ಮಕ್ಕಳಿಂದ ಮುಚ್ಚಿಡದೆ, ನಗುಮುಖದಿಂದ ಹಂಚಿಕೊಂಡ ಯಜಮಾನ ಅವರು.

1534ರಲ್ಲಿ ಅರಸನ ಪ್ರಮಾಣವಚನಕ್ಕೆ ಒಪ್ಪದ ಕಾರಣ ಅವರನ್ನು ಲಂಡನ್ ಗೋಪುರದಲ್ಲಿ ಸೆರೆಯಿಟ್ಟರು. 1535ರ ಜುಲೈ 1ರಂದು ವಿಚಾರಣೆ. ಅಲ್ಲಿ ರಿಚರ್ಡ್ ರಿಚ್ ಎಂಬ ಸರ್ಕಾರಿ ವಕೀಲ ಪ್ರಮಾಣ ಮಾಡಿ ಸಾಕ್ಷಿ ಹೇಳಿದ; ಅದು ಸುಳ್ಳೆಂದು ಮೋರ್ ಮುಖಕ್ಕೇ ಹೇಳಿದರು. ಇಬ್ಬರೂ ಕಾನೂನು ಕಲಿತವರೇ. ಪ್ರಮಾಣ ಮಾಡಲಾರೆನೆಂದ ಮೋರ್‌ರ ಶಿರಚ್ಛೇದ ಜುಲೈ 6ರಂದು ನಡೆಯಿತು. ಪ್ರಮಾಣ ಮಾಡಿದ ರಿಚ್ ಮುಂದೆ ಅದೇ ಚಾನ್ಸೆಲರ್ ಪೀಠಕ್ಕೇರಿದ. ಆದರೆ ಇಂದು ಲಿಂಕನ್ಸ್ ಇನ್‌ಗೆ ಹೊಂದಿಕೊಂಡ ಕೇರಿ ಸ್ಟ್ರೀಟಿನ ಕಟ್ಟಡವೊಂದರಲ್ಲಿ ನಿಂತಿರುವ ಪ್ರತಿಮೆ ಮೋರ್‌ರವರದು.

ಸಂತರೆಂದು ಅವರ ಕಾಲದ ದೋಷವನ್ನು ಮರೆಮಾಚುವುದು ಬೇಡ. ಭಿನ್ನಮತದವರನ್ನು ಶಿಕ್ಷಿಸುವ ಅಂದಿನ ವ್ಯವಸ್ಥೆಯಲ್ಲಿ ಚಾನ್ಸೆಲರ್ ಆಗಿ ಅವರೂ ಪಾಲುಗೊಂಡಿದ್ದರು. 2000ದ ಅಕ್ಟೋಬರ್ 31ರಂದು ಅವರನ್ನು ರಾಜಕಾರಣಿಗಳ ಪಾಲಕರೆಂದು ಘೋಷಿಸಿದ ಜಗದ್ಗುರು ಎರಡನೇ ಜಾನ್ ಪೌಲರೇ ಅದನ್ನು ಆ ಕಾಲದ ಮಿತಿಯೆಂದು ಗುರುತಿಸಿದರು. ನಮ್ಮ ಮನಃಸಾಕ್ಷಿಗೆ ಗೌರವ ಬೇಡುವ ನಾವು ಪಕ್ಕದ ಮನೆಯವರ ಮನಃಸಾಕ್ಷಿಗೂ ಅದೇ ಗೌರವ ಕೊಡಬೇಕು.

ನಮ್ಮ ನೆಲದಲ್ಲೂ ಇಂಥ ಪರೀಕ್ಷೆಗಳಿವೆ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗುವ ಮೊದಲು ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರು. 2021ರಲ್ಲಿ ಹೊಸದುರ್ಗ ತಾಲ್ಲೂಕಿನಲ್ಲಿ ಮತಾಂತರದ ಬಗ್ಗೆ ವಿಚಾರಣೆ ನಡೆದಾಗ, ಬಲವಂತ ಕಂಡುಬಂದಿಲ್ಲವೆಂದು ತಹಶೀಲ್ದಾರರು ವರದಿ ಕೊಟ್ಟರು. ಅದೇ ವರ್ಷದ ಕೊನೆಗೆ ಅವರ ವರ್ಗಾವಣೆಯಾಯಿತು. ಅದರ ಕಾರಣವನ್ನು ನಾವು ತೀರ್ಮಾನಿಸುವುದು ಬೇಡ. ಕಂಡದ್ದನ್ನು ಕಂಡಂತೆ ಬರೆದದ್ದಕ್ಕೆ ನಾವು ಋಣಿಗಳು. ಆದರೆ ಒಂದು ಪ್ರಶ್ನೆ ನಮ್ಮ ಮುಂದೆಯೂ ಇದೆ: ಸತ್ಯ ನಮ್ಮ ಪರವಾಗಿರದೆ, ನಮ್ಮ ಅಣ್ಣತಮ್ಮಂದಿರ ಪಾಲಿನ ಪರವಾಗಿದ್ದರೆ, ನಾವು ಸಾಕ್ಷಿಕಟ್ಟೆಯಲ್ಲಿ ಏನು ಹೇಳುತ್ತೇವೆ?

ತೆರಿಗೆಯ ನಾಣ್ಯವನ್ನು ಕೈಯಲ್ಲಿ ಹಿಡಿಸಿ ಯೇಸುಸ್ವಾಮಿ ಕಲಿಸಿದ್ದು ಇದನ್ನೇ. ಅರಸನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ದೇವರಿಗೆ ಸೇರಿದ ಮನಃಸಾಕ್ಷಿಯನ್ನು ಯಾರಿಗೂ ಮಾರದಿರೋಣ. ಈ ವಾರ ಪ್ರತಿ ಮನೆಯಲ್ಲೂ ರಾತ್ರಿ ಜಪಸರದ ನಂತರ ಮಕ್ಕಳೊಡನೆ ಕುಳಿತು, ಆ ದಿನ ನಿಜ ಹೇಳಲು ಕಷ್ಟವಾದ ಒಂದು ಸಂದರ್ಭವನ್ನು ಹಂಚಿಕೊಳ್ಳೋಣ. ನಮ್ಮ ಊಟದ ಮನೆಯೇ ನಮ್ಮ ಮಕ್ಕಳಿಗೆ ಲಿಂಕನ್ಸ್ ಇನ್ ಆಗಲಿ. ಸಂತ ಥಾಮಸ್ ಮೋರ್‌ರವರೇ, ನಮ್ಮ ವಕೀಲರಿಗಾಗಿ, ಅಧಿಕಾರಿಗಳಿಗಾಗಿ, ಎಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.