ನಿಮ್ಮ ಅಂಕಿ ಎಷ್ಟು ಸ್ವಾಮಿ?

ನಮ್ಮ ಆಫೀಸಿನಲ್ಲಿ ಪ್ರತಿ ವಾರ ಎಲ್ಲರೂ ಉಸಿರು ಬಿಗಿಹಿಡಿದು ಕಾಯೋದು ಟಿಆರ್‌ಪಿ ಅಂಕಿಗೆ. ಚೂರು ಇಳಿದ್ರೂ ಮೀಟಿಂಗ್ ಮೇಲೆ ಮೀಟಿಂಗ್. ನನಗೆ ಶುಗರ್ ಇದೆ. ಆ ಅಂಕಿಯನ್ನು ಮಾತ್ರ ಎಂಟು ತಿಂಗಳು ನಾನು ನೋಡಿರಲೇ ಇಲ್ಲ. ಬುದ್ಧಿ ಬಂದಿದ್ದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ.

ಅದು ದೇವರ ವಿಗ್ರಹ ಕೆತ್ತುವ ಶಿಲ್ಪಿಗಳ ಊರು. ಅಲ್ಲಿ ಎಲ್ಲದಕ್ಕೂ ಅಳತೆ. ಮುಖ ಒಂದು ತಾಳ, ಅಂದ್ರೆ 12 ಅಂಗುಲ. ಉಳಿದ ಅಂಗವೆಲ್ಲ ಅದೇ ಲೆಕ್ಕದಲ್ಲಿ. ಹಿರಿಯ ಶಿಲ್ಪಿಯೊಬ್ಬರು ಉಳಿ ಹಿಡಿದು ಕೂತಿದ್ರು. ಪಾದದಲ್ಲಿ ರಕ್ತ. ಕಲ್ಲಿನ ಚಕ್ಕೆ ಹೊಕ್ಕಿದೆ, ಅವರಿಗೆ ಗೊತ್ತೇ ಆಗಿಲ್ಲ!

"ಶುಗರ್ ಸಾರ್, ಕಾಲು ಜೋಮು. ಆದ್ರೆ ಮುದ್ದೆ ತಿನ್ನೋನು ನಾನು, ಏನಾಗುತ್ತೆ?" ಅಂದ್ರು. ಕೊನೇ ಸಲ ಟೆಸ್ಟ್ ಮಾಡಿಸಿದ್ದು ಯಾವಾಗ ಅಂದೆ. "ಹೋದ ವರ್ಷ. ಅದಿರ್ಲಿ, ನಿಮ್ದೆಷ್ಟು ಸಾರ್?" ನನ್ನ ಬಾಯಿಗೆ ಬೀಗ ಬಿತ್ತು.

ರಾಗಿ ಒಳ್ಳೇದೇ, ನಾರು ಇದೆ. ಆದ್ರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಒಂದು ಮುದ್ದೆ ಊಟ, ಮೂರು ಮುದ್ದೆ ಶುಗರ್! ನಿಮ್ಮ ಮೈಗೆ ಎಷ್ಟು ಸರಿ ಅಂತ ಹೇಳೋದು ನಾಲಿಗೆಯಲ್ಲ, ಅಳತೆ.

ಆವತ್ತೇ ನಾನೊಂದು ನೋಟ್‌ಬುಕ್ ತಗೊಂಡೆ. ಖಾಲಿ ಹೊಟ್ಟೆಯಲ್ಲಿ ಎಷ್ಟು, ಊಟವಾದ ಎರಡು ಗಂಟೆಗೆ ಎಷ್ಟು, ಏನು ತಿಂದೆ, ಎಷ್ಟು ನಡೆದೆ, ಮಾತ್ರೆ ತಗೊಂಡೆನಾ, ರಾತ್ರಿ ಪಾದ ನೋಡಿಕೊಂಡೆನಾ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಅನ್ನೋದು ಗುರಿ. ನಿಮ್ಮ ಗುರಿ ನಿಮ್ಮ ಡಾಕ್ಟರು ಹೇಳಲಿ. 70ಕ್ಕಿಂತ ಕೆಳಗಿಳಿದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ. ಸುಮಾರು ಮೂರು ತಿಂಗಳ ಸರಾಸರಿ ಹೇಳೋದು ಎಚ್‌ಬಿಎ1ಸಿ, ಅದನ್ನೂ ಬರೆದಿಡಿ.

2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಮನೆಬಾಗಿಲಿಗೇ ಬಂದು ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆಯನ್ನು ನಮ್ಮ ಸರ್ಕಾರ 2024ರಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದ್ದೂ ಇದೇ ಕೋಲಾರ ಜಿಲ್ಲೆಯಲ್ಲಿ. ಅವರು ಬಂದಾಗ "ನಂಗೇನಾಗಿದೆ" ಅಂತ ವಾಪಸ್ ಕಳಿಸಬೇಡಿ.

ಅಳತೆ ತಪ್ಪಿದ್ರೆ ಶಿಲ್ಪಿ ಇನ್ನೊಂದು ಕಲ್ಲು ತರಿಸಬಹುದು. ಕಾಲು ಎಲ್ಲಿಂದ ತರಿಸ್ತಾರೆ? ಮೊನ್ನೆ ಅವರಿಗೆ ಫೋನ್ ಮಾಡಿದ್ದೆ. ಗಾಯ ಮಾಯ್ತಿದೆಯಂತೆ, ಈಗ ಚಪ್ಪಲಿ ಹಾಕ್ಕೊಂಡೇ ಕೆಲಸಕ್ಕೆ ಕೂರ್ತಾರಂತೆ. ಇಡುವ ಮುಂಚೆ ಮತ್ತೆ ಕೇಳಿದ್ರು, "ನಿಮ್ದೆಷ್ಟು ಸಾರ್?"

ಈ ಸಲ ಹೇಳಿದೆ: "ಬೆಳಿಗ್ಗೆ 128."

ನಿಮ್ಮದೆಷ್ಟು?